ಮ್ಯಾಡಮ್ಮರ ಪ್ರಶಸ್ತಿ, ಹಿಂಗಣಾದ ತಮ್ಮ

ನಮ್ಮ ಮ್ಯಾಡಮ್ಮರಿಗೆ ಪ್ರಶಸ್ತಿ ಬಂದ ಸುದ್ದಿ ನನಗೆ ಮುಟ್ಟಿದ್ದು ನಾಗಪುರದ ಅಜನಿಯ ಸಂತೆಯಲ್ಲಿ, ಕೈಯಲ್ಲಿ ಮೆಂತ್ಯೆಯ ಕಟ್ಟು ಹಿಡಿದು ನಿಂತಿದ್ದಾಗ. ಫೋನಿನಲ್ಲಿ ಅವರ ದನಿ ಎಂದಿನಂತೆಯೇ ಇತ್ತು, ಸ್ಲೈಡ್ ಡಬ್ಬಿ ಎಲ್ಲಿಟ್ಟೆ ಎಂದು ಕೇಳುವ ಹಾಗೆ.

"ತಾಈ, ದಿಲ್ಲಿಯಿಂದ ಪತ್ರ ಬಂದಿದೆ. ನಮ್ಮ ಕೆಲಸಕ್ಕೇ ಕೊಟ್ಟಿದ್ದಾರೆ."

ತಾಈ ಅಂದರೆ ಮರಾಠಿಯಲ್ಲಿ ಅಕ್ಕ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರಾದರೂ ಮೊದಲ ದಿನದಿಂದ ಅವರು ನನ್ನನ್ನು ಕರೆದದ್ದು ಹಾಗೇ. ಕ್ಯಾನ್ಸರನ್ನು ನಮ್ಮ ಮೈಯೇ ಹೇಗೆ ಎದುರಿಸುತ್ತದೆ ಎಂದು ಹುಡುಕುವವರಿಗೆ ಕೊಡುವ ಪ್ರಶಸ್ತಿ ಅದು. ದೊಡ್ಡ ದೊಡ್ಡ ಊರುಗಳ ದೊಡ್ಡ ಸಂಸ್ಥೆಗಳವರಿಗೆ ಹೋಗುವಂಥದ್ದು. ರಾಮದಾಸಪೇಠ್‌ನ ಒಂದು ಆಸ್ಪತ್ರೆಯ ಹಿಂಬದಿಯಲ್ಲಿ, ಎರಡು ಕೋಣೆಯ ಲ್ಯಾಬಿನಲ್ಲಿ ಕೂತವರಿಗೆ ಬರುತ್ತದೆಂದು ನಾವು ಯಾರೂ ಅಂದುಕೊಂಡಿರಲಿಲ್ಲ. ನಾನು ತರಕಾರಿಯವನಿಗೇ ಹೇಳಿಬಿಟ್ಟೆ, "ಭಯ್ಯಾ, ನಮ್ಮ ಡಾಕ್ಟರ್ ಬಾಈಯವರಿಗೆ ದೊಡ್ಡ ಬಹುಮಾನ ಬಂದಿದೆ." ಆತ ಒಂದು ಹಿಡಿ ಕೊತ್ತಂಬರಿ ಮೇಲೆ ಹಾಕಿ ಕೊಟ್ಟ.

ಮನೆಗೆ ಬಂದು ಮೊದಲು ಫೋನ್ ಮಾಡಿದ್ದು ಮಗಳಿಗಲ್ಲ, ಊರ ಹೊರಗಿನ ಹಿಂಗಣಾದಲ್ಲಿರುವ ತಮ್ಮನಿಗೆ. ಒಡಹುಟ್ಟಿದವನಲ್ಲ ಆತ. ಆದರೆ ಆತನ ವಿಷಯ ಹೇಳದೆ ಈ ಪ್ರಶಸ್ತಿಯ ವಿಷಯ ಹೇಳಲು ನನಗೆ ಬರುವುದಿಲ್ಲ.

ನಾನು ಗದಗಿನವಳು. ಮದುವೆಯಾಗಿ ನಾಗಪುರಕ್ಕೆ ಬಂದದ್ದು, ನಮ್ಮವರು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದರು ಎಂಬ ಕಾರಣಕ್ಕೆ. ಎರಡು ವರ್ಷದಲ್ಲಿ ಹುಬ್ಬಳ್ಳಿಗೆ ವರ್ಗ ಆಗತೈತಿ ಎಂದು ಹೇಳಿ ಕರೆತಂದಿದ್ದರು. ವರ್ಗ ಆಗಲೇ ಇಲ್ಲ. ನಾನು ಊರಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದ್ದೆ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮ್ಯಾಡಮ್ಮರ ಲ್ಯಾಬಿಗೆ ಸೇರಿದೆ. ಮರಾಠಿ ಆಗಿನ್ನೂ ಬರೋಬರ್ ಬರುತ್ತಿರಲಿಲ್ಲ. ಸಂದರ್ಶನದಲ್ಲಿ ಮ್ಯಾಡಮ್ ಕೇಳಿದ್ದು ಒಂದೇ ಪ್ರಶ್ನೆ: "ಒಂದೇ ಕಡೆ ಎಷ್ಟು ಹೊತ್ತು ಕೂತಿರುತ್ತೀ?" ನಾನು, "ನಮ್ಮ ಅವ್ವ ನನ್ನ ತಾಸುಗಟ್ಟಲೆ ಅಕ್ಕಿ ಆರಸಾಕ ಕೂಡಿಸ್ಯಾಳ" ಎಂದು ಹಿಂದಿಯಲ್ಲಿ ಹೇಗೋ ಹೇಳಿದೆ. ಅವರಿಗೆ ಅಷ್ಟು ಸಾಕಾಗಿತ್ತು.

ಕೆಲಸ ನಿಜವಾಗಿಯೂ ಅಕ್ಕಿ ಆರಿಸಿದಂತೆಯೇ. ಇಲ್ಲಿ ನಾಗಪುರದ ಕಡೆ ಬಾಯಿಯ ಕ್ಯಾನ್ಸರ್ ಬಹಳ. ಖರ್ರಾ ಅಂತ ತಿನ್ನುತ್ತಾರೆ, ಅಡಿಕೆ, ತಂಬಾಕು, ಸುಣ್ಣ ಮೂರನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಗಸಗಸ ತಿಕ್ಕಿ ಬಾಯಿಗಿಟ್ಟುಕೊಳ್ಳುವುದು. ಪಾನ್ ಠೇಲಾ ಗಾಡಿಯ ಮುಂದೆ ನಿಂತರೆ ಆ ತಿಕ್ಕುವ ಸದ್ದು ನಿಲ್ಲುವುದೇ ಇಲ್ಲ. ಆಪರೇಷನ್ ಆದವರ ಗಡ್ಡೆಯ ಚೂರು ನಮ್ಮ ಲ್ಯಾಬಿಗೆ ಬರುತ್ತಿತ್ತು. ಅದನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕುತ್ತಿದ್ದೆ. ಮೈಯನ್ನು ಕಾಯುವ ಬಿಳಿ ರಕ್ತಕಣಗಳಿಗೆ ಮಾತ್ರ ಹಿಡಿಯುವ ಬಣ್ಣ ಅದು; ಹಿಡಿದರೆ ಕಂದು ಚುಕ್ಕೆ ಕಾಣುತ್ತದೆ. ಗಡ್ಡೆಯ ನಡುವೆ ಐದು ಜಾಗ ಆರಿಸಿ ಚುಕ್ಕೆಗಳನ್ನು ಎಣಿಸಬೇಕು. ಕಾವಲಿನ ಕಣಗಳು ಗಡ್ಡೆಯೊಳಗೆ ಹೆಚ್ಚು ನುಗ್ಗಿದ್ದರೆ ಆ ರೋಗಿ ಹೆಚ್ಚು ಕಾಲ ಬದುಕುತ್ತಾನೆಯೇ, ಇದು ಮ್ಯಾಡಮ್ಮರ ಪ್ರಶ್ನೆ. ಅದಕ್ಕಾಗಿ ಆರು ತಿಂಗಳಿಗೊಮ್ಮೆ ಆ ರೋಗಿಗಳನ್ನು ಕರೆಸಿ ರಕ್ತ ತೆಗೆದು, ಕಣ ಬೇರ್ಪಡಿಸಿ, ಉಳಿದ ಗಡ್ಡೆಯ ಚೂರಿನ ಜೊತೆ ಡೀಪ್ ಫ್ರೀಜರಿನಲ್ಲಿ ಇಡುತ್ತಿದ್ದೆವು.

ಹಾಗೆ ಬಂದವನು ಹಿಂಗಣಾದ ತಮ್ಮ. ಬಾಗಲಕೋಟೆ ಕಡೆಯವನು, ಹಿಂಗಣಾದ ಒಂದು ಗ್ಯಾಸ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ನಾಲಿಗೆಯ ಅರ್ಧ ತೆಗೆದಿದ್ದರು. ಮೊದಲ ಸಲ ಬಂದಾಗ ಕೌಂಟರಿನ ಹುಡುಗಿ ಅವನ ಹೆಸರು ಮೂರು ಸಲ ಕೇಳಿ, ತಿಳಿಯದೆ, ಬರೆದು ಕೊಡಲು ಕಾಗದ ಮುಂದೆ ತಳ್ಳಿದಳು. ಆತ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಏನೋ ಅಂದ. ಮಾತು ಅರ್ಧಂಬರ್ಧ ಕಲಸಿ ಬಂದರೂ ನನ್ನ ಕಿವಿಗೆ ಅದು ಕನ್ನಡ ಎಂದು ತಿಳಿದುಹೋಯಿತು.

"ನೀರಡಿಕಿ ಆಗೇತೇನ್ರಿ? ಒಳಗ ಬರ್ರಿ, ಗಡಿಗ್ಯಾಗ ತಂಪ ನೀರ ಐತಿ," ಎಂದೆ.

ಆತ ನನ್ನನ್ನೇ ನೋಡಿದ. ಆಮೇಲೆ ಮಾತಾಡಲು ಶುರು ಮಾಡಿದ. ರ ಇಲ್ಲ, ಲ ಇಲ್ಲ, ಸ ಎಲ್ಲೋ ಒಮ್ಮೆ. ಆದರೂ ನನಗೆ ತಿಳಿಯುತ್ತಿತ್ತು. ನಮ್ಮ ಸೋದರಮಾವ ಪಾರ್ಶ್ವವಾಯು ಬಡಿದು ಹೀಗೇ ಮಾತಾಡುತ್ತಿದ್ದರು, ಆ ರೂಢಿ ಇರಬೇಕು. ನಾನು ಸೂಜಿ ಹಾಕಿ ರಕ್ತ ತೆಗೆಯುವಷ್ಟರಲ್ಲಿ ಆತ ತನ್ನ ಊರು, ಫ್ಯಾಕ್ಟರಿ, ಇಬ್ಬರು ಹೆಣ್ಣುಮಕ್ಕಳು, ಖರ್ರಾ ಬಿಟ್ಟದ್ದು, ಎಲ್ಲ ಹೇಳಿ ಮುಗಿಸಿದ್ದ. ಹೋಗುವಾಗ ಹೆಂಡತಿ ನನ್ನ ಕೈ ಹಿಡಿದುಕೊಂಡು, "ದವಾಖಾನಿ ಬಿಟ್ಟ ಮ್ಯಾಗ ಹೊರಗಿನವ್ರ ಜೋಡಿ ಇಷ್ಟ ಮಾತಾಡಿದ್ದು ಇವತ್ತೇ ರೀ ಅಕ್ಕಾರ," ಎಂದಳು.

ಆ ವಾರವೇ ಆತನ ಸ್ಲೈಡ್ ನನ್ನ ಮುಂದೆ ಬಂತು. ಎಣಿಸಿದೆ. ಐದು ಜಾಗದಲ್ಲೂ ಹೆಚ್ಚುಕಡಿಮೆ ಏನೂ ಇಲ್ಲ. ಇನ್ನೊಂದು ಸ್ಲೈಡ್ ಮಾಡಿ ಎಣಿಸಿದೆ. ಅದೂ ಖಾಲಿ. ಅಷ್ಟು ಖಾಲಿ ಇದ್ದವರು ನಮ್ಮ ಪಟ್ಟಿಯಲ್ಲಿ ಎರಡನೇ ವರ್ಷ ಬರುವುದನ್ನು ನಾನು ಕಂಡದ್ದು ಕಡಿಮೆ. ಸಂಖ್ಯೆ ಬರೆದು, ಮೈಕ್ರೋಸ್ಕೋಪಿಗೆ ಬಟ್ಟೆ ಹೊದಿಸಿ, ಅಂದು ಊಟದ ಡಬ್ಬಿ ತೆರೆಯದೆ ಮನೆಗೆ ತಂದೆ.

ಆಮೇಲೆ ಆತ ಬಂದಾಗಲೆಲ್ಲ ನನಗೆ ಸಂಕಟ. ಆತ ನಗುತ್ತ ತೋಳು ಚಾಚುತ್ತಿದ್ದ, ನಾನು ನರ ಹುಡುಕುವ ನೆಪದಲ್ಲಿ ತೋಳನ್ನೇ ನೋಡುತ್ತಿದ್ದೆ. ಹೆಂಡತಿ ಗೋಧಿ ಬೆಲ್ಲದ ಮಾದಲಿ ಮಾಡಿ ತರುತ್ತಿದ್ದಳು, ಹಾಲಿನಲ್ಲಿ ಕಲಸಿದರೆ ಆತನಿಗೂ ನುಂಗಲು ಬರುತ್ತದೆ ಎಂದು. ನಾನು ನಾಲ್ಕು ಮಾತಾಡಿ ಕಳಿಸುತ್ತಿದ್ದೆ. ಆರು ತಿಂಗಳಾದ ಮೇಲೆ ಮತ್ತೆ ಬಂದ. ವರ್ಷಕ್ಕೆ ಬಂದ. ಎರಡು ವರ್ಷಕ್ಕೂ ಬಂದ. "ಈಗ ನೀವ್ ಅನ್ನಬ್ಯಾಡ್ರಿ, ನಿಮಗಿಂತ ಸಣ್ಣಾವ ನಾನು," ಎಂದು ಹೇಳಿದ್ದು ಆಗಲೇ. ನಾನು ತಮ್ಮಾ ಎಂದು ಕರೆಯತೊಡಗಿದೆ. ಮೂರನೇ ವರ್ಷವೂ ಆತ ಬಂದಾಗ ಮ್ಯಾಡಮ್ ಫೈಲ್ ನೋಡಿ, "ಈ ಮನುಷ್ಯ ನಮ್ಮ ಲೆಕ್ಕಕ್ಕೆ ಸಿಗುತ್ತಿಲ್ಲವಲ್ಲ," ಎಂದು ತಮ್ಮಷ್ಟಕ್ಕೇ ಅಂದರು.

ಆ ವರ್ಷದ ಮೇ ತಿಂಗಳು ನಾನು ಮರೆಯುವುದಿಲ್ಲ. ನಾಗಪುರದ ಮೇ ಎಂದರೆ ಹೊರಗೆ ಕಾಲಿಟ್ಟವರು ತಲೆಗೆ, ಮುಖಕ್ಕೆ ದುಪಟ್ಟಾ ಸುತ್ತಿ ಕಣ್ಣಷ್ಟೇ ಬಿಡುವ ಕಾಲ. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೀದಿಯ ಟ್ರಾನ್ಸ್‌ಫಾರ್ಮರ್ ಡಬ್ಬೆಂದು ಸಿಡಿಯಿತು. ಕೂಲರ್ ನಿಂತಿತು, ಫ್ಯಾನ್ ನಿಂತಿತು. ಜನರೇಟರ್ ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು. ನಾನೂ ಮ್ಯಾಡಮ್ಮರೂ ಓಡಿದ್ದು ಡೀಪ್ ಫ್ರೀಜರಿನ ಹತ್ತಿರ. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಇರಬೇಕಾದದ್ದು ಅದು. ಅಷ್ಟು ವರ್ಷದ ರಕ್ತ, ಗಡ್ಡೆಯ ಚೂರುಗಳು, ಅವನ್ನು ಕೊಟ್ಟವರಲ್ಲಿ ಎಷ್ಟೋ ಜನ ತೀರಿಹೋಗಿದ್ದರು. ಅವರಿಂದ ಇನ್ನೊಮ್ಮೆ ತೆಗೆದುಕೊಳ್ಳುವುದು ಹೇಗೆ!

"ಬಾಗಿಲು ತೆರೆಯಬೇಡ ತಾಈ," ಎಂದರು ಮ್ಯಾಡಮ್. ಮಧ್ಯಾಹ್ನ ಒಂದರ ಹೊತ್ತಿಗೆ ಬ್ಯಾಟರಿಯಲ್ಲಿ ನಡೆಯುವ ಫ್ರೀಜರಿನ ಹೊರಮೈಯ ಅಂಕಿ ಮೈನಸ್ ಅರವತ್ತಕ್ಕೆ ಏರಿತ್ತು. ಕರೆಂಟು ಸಂಜೆಯೊಳಗೆ ಬರುವುದಿಲ್ಲ ಎಂದರು ಬಿಜಲಿಯವರು. ಉಳಿದ ದಾರಿ ಡ್ರೈ ಐಸ್ ಒಂದೇ. ಅದು ಕರಗಿ ನೀರಾಗುವ ಮಂಜುಗಡ್ಡೆಯಲ್ಲ, ಹೊಗೆಯಾಗಿ ಹೋಗುವ ಬಿಳಿ ಗಡ್ಡೆ, ಬರಿಗೈಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಮ್ಯಾಡಮ್ ಎರಡು ಕಡೆ ಫೋನ್ ಮಾಡಿದರು. ಒಬ್ಬರು ನಾಳೆ ಎಂದರು, ಇನ್ನೊಬ್ಬರು ಮೂರು ದಿನ ಮೊದಲೇ ಹೇಳಬೇಕಿತ್ತು ಎಂದರು. ಅವರು ಫೋನ್ ಇಟ್ಟು ಸ್ಟೂಲಿನ ಮೇಲೆ ಕೂತರು.

ಆಗ ನನಗೆ ನೆನಪಾಯಿತು, ಹಿಂಗಣಾದ ತಮ್ಮ ತನ್ನ ಫ್ಯಾಕ್ಟರಿಯಲ್ಲಿ ಪ್ಯಾಕ್ ಮಾಡುವುದು ಇದನ್ನೇ. ಎಷ್ಟೋ ಸಲ ಹೇಳಿದ್ದ, ನಾನೇ ಕಿವಿಗೊಟ್ಟಿರಲಿಲ್ಲ.

ಫೋನ್ ಹಚ್ಚಿದೆ. ಆತ ಎತ್ತಿದ. ಹಿಂದೆ ಯಂತ್ರಗಳ ಗದ್ದಲ.

"ತಮ್ಮಾ, ಅಕ್ಕ ಮಾತಾಡೋದು. ನಮ್ಮ ಫ್ರೀಜರ್ ನಿಂತೈತಿ. ಡ್ರೈ ಐಸ್ ಬೇಕು, ಜಲ್ದಿ ಬೇಕು."

ಆತ ಏನೋ ಕೇಳಿದ. ಎಷ್ಟು ಅಂತ ಕೇಳುತ್ತಿದ್ದಾನೆ ಎಂದು ತಿಳಿಯಿತು.

"ಫ್ರೀಜರ್ ತುಂಬುವಷ್ಟು," ಎಂದೆ. ಫೋನ್ ಇಟ್ಟ.

ಅಲ್ಲಿ ನಡೆದದ್ದನ್ನು ಆಮೇಲೆ ಆತನನ್ನು ಕರೆತಂದ ಟೆಂಪೋ ಡ್ರೈವರ್ ಹೇಳಿದ. ಹೊಸ ಸೂಪರ್‌ವೈಸರನಿಗೆ ತಮ್ಮನ ಮಾತು ತಿಳಿಯಲಿಲ್ಲವಂತೆ. ಹೋಗು, ಕೆಲಸ ನೋಡು ಎಂದನಂತೆ. ಆಗ ಆತ ಪ್ಯಾಕಿಂಗ್ ಚೀಟಿಯ ಬೆನ್ನಮೇಲೆ ಮರಾಠಿಯಲ್ಲಿ ದೊಡ್ಡದಾಗಿ ಬರೆದನಂತೆ: ದವಾಖಾನೆಯ ಫ್ರೀಜರ್ ಕೆಟ್ಟಿದೆ, ಅದರಲ್ಲಿ ನನ್ನ ರಕ್ತ ಇದೆ, ನನ್ನಂಥವರೆಲ್ಲರದೂ ಇದೆ. ಸೂಪರ್‌ವೈಸರ್ ಅದನ್ನು ಓದಿ, ಅವನ ಬಾಯಿ ನೋಡಿ, ತಾನೇ ಎದ್ದು ಗೋದಾಮಿನ ಬಾಗಿಲು ತೆಗೆಸಿದನಂತೆ.

ಎರಡೂವರೆಗೆ ತೆರೆದ ಟೆಂಪೋ ಬಂದು ನಿಂತಿತು. ಹಿಂದೆ ಗೋಣಿತಟ್ಟು ಹೊದಿಸಿದ ಥರ್ಮಾಕೋಲ್ ಪೆಟ್ಟಿಗೆಗಳು, ಅವುಗಳ ನಡುವೆ ತಮ್ಮ, ಕೈಗೆ ಮೊಣಕೈವರೆಗಿನ ಚರ್ಮದ ಗ್ಲೌಸು. ಆ ಬೆಂಕಿಯಂಥ ಬಿಸಿಲಲ್ಲಿ ಪೆಟ್ಟಿಗೆಗಳ ಸಂದಿಯಿಂದ ಬಿಳಿ ಹೊಗೆ ಇಳಿಯುತ್ತಿತ್ತು. ಆತ ಬಂದವನೇ ಕಿಟಕಿಗಳನ್ನೆಲ್ಲ ತೆರೆಸಿದ, ಈ ಹೊಗೆ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ ಎಂದು. ಮ್ಯಾಡಮ್ ಫ್ರೀಜರಿನ ಒಂದೊಂದೇ ಅರೆ ತೆರೆದು ಹಿಡಿದರು, ಆತ ಗಡ್ಡೆ ಒಡೆದು ತುಂಬಿದ, ನಾನು ಮುಚ್ಚಿದೆ. ಮೂವರಿಗೂ ಬೆವರು ಸೀರೆ ಅಂಗಿಯೆಲ್ಲ ತೋಯಿಸಿ ಇಳಿಯುತ್ತಿತ್ತು. ಕೊನೆಯ ಅರೆ ಮುಗಿದಾಗ ಅಂಕಿ ಮತ್ತೆ ಕೆಳಗಿಳಿಯತೊಡಗಿತ್ತು.

ಮ್ಯಾಡಮ್ ಅವನ ಎರಡೂ ಗ್ಲೌಸು ಹಿಡಿದುಕೊಂಡು ಮರಾಠಿಯಲ್ಲಿ ಏನೇನೋ ಹೇಳಿದರು. ಆತ ನನ್ನ ಕಡೆ ತಿರುಗಿ, "ಇದ್ರಾಗ ನಂದು ಯಾವ್ದು ರೀ ಅಕ್ಕಾರ?" ಎಂದು ಕೇಳಿದ. ನಾನು ಮೂರನೇ ಅರೆ ತೋರಿಸಿದೆ. ಹೊರಗಿನಿಂದಲೇ ಫ್ರೀಜರನ್ನು ಒಮ್ಮೆ ತಟ್ಟಿ, ಟೆಂಪೋ ಹತ್ತಿ ಶಿಫ್ಟಿಗೆ ಹೋದ.

ಮರುದಿನ ನನಗೆ ಏನೋ ಆಗಿ, ಆತನ ಹಳೆಯ ಸ್ಲೈಡ್ ತೆಗೆದು ಕೂತೆ. ಲೆಕ್ಕಕ್ಕಲ್ಲ, ಸುಮ್ಮನೆ. ನಡುವೆ ಎಂದಿನಂತೆ ಖಾಲಿ. ಎಣಿಕೆಯ ನಿಯಮದ ಪ್ರಕಾರ ನಾವು ಗಡ್ಡೆಯ ಅಂಚಿಗೆ ಹೋಗುತ್ತಿರಲಿಲ್ಲ, ಅಲ್ಲಿ ಬಣ್ಣ ಕಲಸಿದಂತೆ ಕಾಣುತ್ತದೆ ಎಂದು ಬಿಡುತ್ತಿದ್ದೆವು. ಅಂದು ಯಾವ ನಿಯಮವೂ ಇರಲಿಲ್ಲವಲ್ಲ, ಸ್ಲೈಡನ್ನು ಹಾಗೇ ಸರಿಸುತ್ತ ಹೋದೆ. ಅಂಚಿನ ಹೊರಗೆ ಒಂದು ಕಡೆ ಕಂದು ಚುಕ್ಕೆಗಳು ಗುಂಪುಗೂಡಿ ಕೂತಿದ್ದವು. ಸ್ವಲ್ಪ ದೂರದಲ್ಲಿ ಇನ್ನೊಂದು ಗುಂಪು. ಆಚೆ ಮತ್ತೊಂದು. ಚದುರಿದ ಚುಕ್ಕೆಗಳಲ್ಲ, ದುಂಡಗೆ, ಬೀಡುಬಿಟ್ಟ ಹಾಗೆ. ನಾನು ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ನೋಡಿದೆ.

"ಮ್ಯಾಡಮ್, ಇದು ಕೊಳೆಯೋ ಏನೋ, ಒಂದು ಸಲ ನೋಡುತ್ತೀರಾ?"

ಅವರು ನೋಡಿದರು. ಬಹಳ ಹೊತ್ತು ನೋಡಿದರು. ತಲೆ ಎತ್ತದೆಯೇ, "ತಾಈ, ಚಹಾ ತರಿಸು," ಎಂದರು. ಚಹಾ ಬಂದು ಆರಿಹೋಯಿತು. ಆಮೇಲೆ ಹೇಳಿದರು: "ಬೇರೆ ಗಡ್ಡೆಗಳಲ್ಲಿ ಇಂಥದ್ದನ್ನು ಹೊರದೇಶದವರು ಬರೆದಿದ್ದಾರೆ. ನಾನು ಓದಿಯೂ ಇದ್ದೇನೆ. ಓದಿಯೂ ನಮ್ಮ ಸ್ಲೈಡುಗಳ ಅಂಚು ನೋಡಲಿಲ್ಲ." ಆರಿದ ಚಹಾ ಕುಡಿದು, "ಎಲ್ಲವನ್ನೂ ಮತ್ತೆ ಎಣಿಸಬೇಕು," ಎಂದರು.

ಎಲ್ಲವನ್ನೂ ಮತ್ತೆ ಎಣಿಸಿದೆವು. ಕಪಾಟಿನ ಅಷ್ಟೂ ಡಬ್ಬಿ. ನನ್ನ ಮಗಳ ಕಾಲೇಜು ಮುಗಿಯಿತು, ನಮ್ಮವರು ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆಗೆ ಬಂದೆವು, ಆಗಲೂ ಎಣಿಕೆ ನಡೆದೇ ಇತ್ತು. ಈಗ ಹಿಂತಿರುಗಿ ನೋಡಿದರೆ ನನ್ನ ಜೀವನದ ಒಳ್ಳೆಯ ದಿನಗಳು ಅವೇ. ಖಸ್ ಹುಲ್ಲಿನ ಕೂಲರಿನ ವಾಸನೆ, ಮಧ್ಯಾಹ್ನ ಎರಡಕ್ಕೆ ಇಬ್ಬರೂ ಡಬ್ಬಿ ಬಿಚ್ಚಿ ನನ್ನ ಜೋಳದ ರೊಟ್ಟಿ ಅವರಿಗೆ, ಅವರ ಭಾಕರಿ ನನಗೆ, ಎರಡೂ ಒಂದೇ ಎಂದು ಗೊತ್ತಿದ್ದೂ ಬದಲಾಯಿಸಿಕೊಳ್ಳುತ್ತಿದ್ದದ್ದು. ಆ ಲ್ಯಾಬ್ ಈಗಿಲ್ಲ. ಕಟ್ಟಡ ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡಿದ್ದಾರೆ.

ಗುಂಪುಗಳಲ್ಲಿ ಕೂತಿದ್ದ ಕಣಗಳು ಎಂಥವು ಎಂದು ತಿಳಿಯಲು ಬೇಕಾದದ್ದು ಫ್ರೀಜರಿನಲ್ಲಿ ಉಳಿದಿದ್ದ ಚೂರುಗಳು, ರಕ್ತ. ಅಂಚಿನಲ್ಲಿ ಹೀಗೆ ಬೀಡುಬಿಟ್ಟ ಕಣಗಳಿದ್ದವರಲ್ಲಿ ಬಹಳ ಜನ ಹೆಚ್ಚು ಕಾಲ ಬದುಕಿದ್ದರು, ಗಡ್ಡೆಯ ನಡುವೆ ಏನೂ ಕಾಣದಿದ್ದರೂ. ಅಲ್ಲಿ ಕಾವಲಿನ ಕಣಗಳು ಒಂದಕ್ಕೊಂದು ಪಾಠ ಹೇಳಿಕೊಡುತ್ತವಂತೆ. ಎಲ್ಲರೂ ಉಳಿಯಲಿಲ್ಲ, ಇದರಿಂದ ನಾಳೆಯೇ ಔಷಧ ಬರುತ್ತದೆಂದೂ ಅಲ್ಲ. ಮ್ಯಾಡಮ್ ಅದನ್ನು ಯಾರು ಕೇಳಿದರೂ ಹಾಗೇ ಹೇಳುತ್ತಿದ್ದರು. ಆದರೆ ಅವರ ಬರಹ ದೂರದವರೆಗೆ ಹೋಯಿತು. ಪ್ರಶಸ್ತಿ ಬಂದದ್ದು ಅದಕ್ಕೇ.

ದಿಲ್ಲಿಗೆ ಅವರು ಒಬ್ಬರೇ ಹೋಗಿ ಬಂದರು. ನನ್ನನ್ನು ಕರೆದರು, ನನಗೆ ಮೊಣಕಾಲು ನೋವು. ತಿರುಗಿ ಬಂದ ಮೇಲೆ ಲ್ಯಾಬಿನಲ್ಲಿ ಒಂದು ಸಣ್ಣ ಕೂಟ. ಕಿತ್ತಳೆಯ ಸಂತ್ರಾ ಬರ್ಫಿ, ಸಮೋಸ, ಆಸ್ಪತ್ರೆಯ ಹತ್ತಿಪ್ಪತ್ತು ಜನ. ಹಿಂಗಣಾದ ತಮ್ಮನೂ ಹೆಂಡತಿಯೂ ಬಂದಿದ್ದರು, ಆತ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಮ್ಯಾಡಮ್ ಪ್ರಶಸ್ತಿಯ ಫಲಕವನ್ನು ಮೇಜಿನ ಮೇಲಿಟ್ಟು ಎರಡು ಮಾತಾಡಿದರು. "ನಾನು ನಡುವೆ ನೋಡುತ್ತಿದ್ದೆ. ತಾಈ ಅಂಚು ನೋಡಿದಳು. ನೋಡಲು ಏನಾದರೂ ಉಳಿದದ್ದು ಇವರಿಂದ," ಎಂದು ತಮ್ಮನನ್ನು ತೋರಿಸಿದರು. ಎಲ್ಲರೂ ತಿರುಗಿ ನೋಡಿದಾಗ ಆತ ಹೆಂಡತಿಯ ಹಿಂದೆ ಸರಿದ.

ಆಮೇಲೆ ನಾನೂ ತಮ್ಮನೂ ವರಾಂಡದ ಬೆಂಚಿನ ಮೇಲೆ ಕೂತೆವು. ಎಷ್ಟೋ ವರ್ಷದಿಂದ ಎದೆಯಲ್ಲಿಟ್ಟುಕೊಂಡದ್ದನ್ನು ಅಂದು ಹೇಳಬೇಕೆನಿಸಿತು.

"ತಮ್ಮಾ, ಒಂದು ಮಾತು. ನಿನ್ನ ಸ್ಲೈಡ್ ಮೊದಲ ಸಲ ನೋಡಿದಾಗ ಅದ್ರಾಗ ಏನೂ ಇರಲಿಲ್ಲ. ನೀ ಎರಡು ವರ್ಷ ಇರಂಗಿಲ್ಲ ಅಂತ ಅನ್ಕೊಂಡಿದ್ನಿ. ಗೊತ್ತಿದ್ದೂ ನಿನ್ನ ಮುಂದ ನಕ್ಕೊಂತ ಕೂತೆ. ಅದು ತಪ್ಪಾತೋ ಏನೋ."

ಆತ ಕೈಯಲ್ಲಿನ ಬರ್ಫಿಯನ್ನು ಸಣ್ಣದಾಗಿ ಪುಡಿ ಮಾಡುತ್ತ ಕೂತಿದ್ದ. ಅದನ್ನು ನುಂಗಿ, ನೀರು ಕುಡಿದು ಹೇಳಿದ:

"ಗೊತ್ತಿತ್ರಿ ಅಕ್ಕಾರ. ಉಳಿದವ್ರಿಗೆ ಸೂಜಿ ಹಾಕುವಾಗ ನೀವು ಮುಖ ನೋಡಿ, ನೋವಾತೇನು ಅಂತ ಕೇಳ್ತಿದ್ರಿ. ನನ್ನ ಮುಖ ನೋಡ್ತಿರಲಿಲ್ಲ."

ನೀರಿನ ಲೋಟವನ್ನು ಅವನ ಕೈಯಿಂದ ತೆಗೆದಿಟ್ಟು ಕೇಳಿದೆ, "ಹಂಗಾರ ಬರೂದು ಯಾಕ ಬಿಡಲಿಲ್ಲ? ಹಿಂಗಣಾದಿಂದ ಎರಡು ಬಸ್ಸು ಹಿಡಿದು, ರಜಾ ಹಾಕಿ?"

"ಮಾತಾಡಾಕ," ಎಂದ. "ಮನ್ಯಾಗ ಆಕಿಗೆ ತಿಳಿತೈತಿ. ಹುಡುಗ್ಯಾರು ಮಾತಾಡೂದು ಮರಾಠಿ. ಫ್ಯಾಕ್ಟರ್‍ಯಾಗ ಕೈ ಸನ್ನಿ. ಹೊರಗ ನನ್ನ ಮಾತು ತಿಳಿಯೋರು ನೀವೊಬ್ರ ಇದ್ರಿ. ರಕ್ತ ಏನ್ ಬಿಡ್ರಿ, ಮತ್ತ ಆಗತೈತಿ."

ಅಂದು ನಾನು ಅತ್ತೆ. ಹೆಂಡತಿ ಹೊರಗೆ ಬಂದು ನಮ್ಮಿಬ್ಬರನ್ನೂ ನೋಡಿ, ಏನಾತು ಎಂದು ಕೇಳದೆ ನನ್ನ ಪಕ್ಕದಲ್ಲಿ ಕೂತಳು.

ಮರುವರ್ಷ ನಾನು ನಿವೃತ್ತಳಾದೆ. ಈಗ ಚುಕ್ಕೆ ಎಣಿಸುವುದು ಕಂಪ್ಯೂಟರ್. ಮ್ಯಾಡಮ್ ಹೊಸ ಕಟ್ಟಡದಲ್ಲಿ ಕೂರುತ್ತಾರೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ತಮ್ಮನ ಎರಡನೇ ಮಗಳ ಮದುವೆಗೆ ನಾನೂ ಮ್ಯಾಡಮ್ಮರೂ ಹೋಗಿದ್ದೆವು. ಆತ ಈಗ ವರ್ಷಕ್ಕೊಮ್ಮೆ ತೋರಿಸಿಕೊಳ್ಳುತ್ತಾನೆ, ಆರಾಮಿದ್ದಾನೆ. ಈ ಬರಹವನ್ನು ನನ್ನ ಮಗಳು ಓದಲಾರಳು, ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಅಕ್ಷರ ಬರುವುದಿಲ್ಲ. ನಾನೇ ಓದಿ ಹೇಳಬೇಕು.

ಕಳೆದ ಚಳಿಗಾಲದಲ್ಲಿ ತಮ್ಮನ ಅಳಿಯ ಕನ್ಹಾನ್ ಕಡೆಯ ತನ್ನ ಹೊಲಕ್ಕೆ ಎಲ್ಲರನ್ನೂ ಸೀತನಿಗೆ ಕರೆದ. ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಕೈಯಲ್ಲಿ ತಿಕ್ಕಿ ತಿನ್ನುವುದು. ಇಲ್ಲಿಯವರು ಹುರಡಾ ಎನ್ನುತ್ತಾರೆ. ಮ್ಯಾಡಮ್ಮರೂ ಬಂದರು. ಎಳೆಬಿಸಿಲಿನಲ್ಲಿ ಚಾಪೆ ಹಾಸಿ ಕೂತೆವು. ತಮ್ಮನಿಗೆ ಅಗಿಯಲು ಬಾರದೆಂದು ಹೆಂಡತಿ ಕಾಳನ್ನು ಕಲ್ಲಲ್ಲಿ ಅರೆದು, ಮಜ್ಜಿಗೆಯಲ್ಲಿ ಕಲಸಿ ಬಟ್ಟಲಲ್ಲಿ ಕೊಟ್ಟಳು. ಆತ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಆದಷ್ಟು ಬಿಡಿಸಿ ಹೇಳಿದ, "ಚಲೋ!"

ಮ್ಯಾಡಮ್ ಗಡಬಡಿಸಿ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಇಷ್ಟು ಬೇಗ? ಈಗ ತಾನೇ ಬಂದೆವಲ್ಲ!"

ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ನಗು ತಡೆಯಲಾಗಲಿಲ್ಲ. ಇಲ್ಲಿಯ ಹಿಂದಿಯಲ್ಲಿ ಚಲೋ ಎಂದರೆ ಹೋಗೋಣ ನಡೆಯಿರಿ, ನಮ್ಮ ಕಡೆ ಚಲೋ ಎಂದರೆ ಚೆನ್ನಾಗಿದೆ. ಬಿಡಿಸಿ ಹೇಳಿದಾಗ ಅವರೂ ನಕ್ಕು, ಚಪ್ಪಲಿ ಬಿಟ್ಟು, ಮತ್ತೆ ಚಾಪೆಯ ಮೇಲೆ ಕೂತು, ತಮ್ಮನ ಕಡೆ ತಿರುಗಿ ಮರಾಠಿಯಲ್ಲಿ, "ಇಷ್ಟು ವರ್ಷದಲ್ಲಿ ನಿಮ್ಮ ಮಾತು ನನಗೆ ನೇರವಾಗಿ ತಿಳಿದದ್ದು ಇದೊಂದೇ, ಅದೂ ತಪ್ಪು ತಿಳಿದೆ," ಎಂದರು. ಆತ ಬಟ್ಟಲು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ.